ಗೇರ್ ತೆಗೆದ ಸೈಕಲ್: ಚೈನ್ ಸದ್ದಿನ ಮೂಲ ಪತ್ತೆ ಹೇಗೆ?

ಗೇರ್ ಸೈಕಲ್ ಕೊಂಡವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಗೇರ್ ಬದಲಿಸುವುದನ್ನು ಬಿಟ್ಟುಬಿಡುತ್ತಾರೆ. ಕೇಬಲ್‌ಗೆ ತುಕ್ಕು ಹಿಡಿಯುತ್ತದೆ, ಹ್ಯಾಂಡಲ್ ಮೇಲಿನ ಶಿಫ್ಟರ್ ಸಿಕ್ಕಿಕೊಳ್ಳುತ್ತದೆ, ಸೈಕಲ್ ಒಮ್ಮೆ ಬಲಕ್ಕೆ ಬಿದ್ದರೆ ಸಾಕು, ಡಿರೇಲರ್ ಬಾಗುತ್ತದೆ. ಏರಿಳಿತ ಕಡಿಮೆ ಇರುವ ರಸ್ತೆಗಳಲ್ಲಿ ಓಡಾಡುವವರಿಗೆ 18 ಅಥವಾ 21 ಗೇರುಗಳ ಅಗತ್ಯವೂ ಅಷ್ಟಾಗಿ ಇರುವುದಿಲ್ಲ. ಇಂಥ ಸೈಕಲ್‌ನಿಂದ ಶಿಫ್ಟರ್, ಕೇಬಲ್, ಡಿರೇಲರ್‌ಗಳನ್ನು ಕಳಚಿ, ಮುಂದೆ ಒಂದು ಮತ್ತು ಹಿಂದೆ ಒಂದು ಹಲ್ಲುಚಕ್ರವನ್ನಷ್ಟೇ ಉಳಿಸಿಕೊಳ್ಳುವ ಮಾರ್ಪಾಟು ಮನೆಯಲ್ಲೇ ಮಾಡಬಹುದಾದ ಕೆಲಸ. ಸೈಕಲ್ ಹಗುರವಾಗುತ್ತದೆ, ನಿರ್ವಹಣೆಯೂ ಸುಲಭವಾಗುತ್ತದೆ.

ಆದರೆ ಮಾರ್ಪಾಟಿನ ನಂತರದ ಮೊದಲ ಸವಾರಿಯಲ್ಲೇ ಹಲವರಿಗೆ ಎದುರಾಗುವ ತೊಂದರೆ ಸದ್ದಿನದು. ಕಟಕಟ, ಗರಗರ, ಕಿರಕಿರ ಎಂದು ನಾನಾ ಬಗೆಯಲ್ಲಿ ಚೈನ್ ಸದ್ದು ಮಾಡತೊಡಗುತ್ತದೆ. ಮೊದಲು ಎಣ್ಣೆ ಬಿಡಲಾಗುತ್ತದೆ. ಸದ್ದು ಹೋಗದಿದ್ದರೆ ಹೊಸ ಚೈನ್, ಅದಕ್ಕೂ ಬಗ್ಗದಿದ್ದರೆ ಹೊಸ ಫ್ರೀವೀಲ್ ಬರುತ್ತದೆ. ಇಷ್ಟು ಖರ್ಚಾದ ಮೇಲೂ ಸದ್ದು ಹಾಗೆಯೇ ಉಳಿಯುವುದುಂಟು. ಮಾರ್ಪಾಟು ಮಾಡಿದ ಸೈಕಲ್‌ಗಳಲ್ಲಿ ಸದ್ದಿಗೆ ಬಹುಪಾಲು ಕಾರಣವಾಗುವುದು ಎಣ್ಣೆಯ ಕೊರತೆಯಲ್ಲ, ಭಾಗಗಳ ನಡುವಣ ಹೊಂದಾಣಿಕೆಯ ಕೊರತೆ. ಆದ್ದರಿಂದ ಅಳತೆ ಮೊದಲು, ಖರೀದಿ ನಂತರ ಎಂಬ ಕ್ರಮವನ್ನು ಅನುಸರಿಸುವುದು ಒಳಿತು.

ಇದು ಬರಿಯ ಕಿವಿಯ ಕಿರಿಕಿರಿಯಲ್ಲ. ಸಿಗ್ನಲ್‌ನಲ್ಲಿ ಹಸಿರು ದೀಪ ಹೊತ್ತಿದಾಗ ಸವಾರ ಸೀಟಿನಿಂದ ಎದ್ದು ಪೆಡಲ್ ಮೇಲೆ ಪೂರ್ತಿ ಭಾರ ಹಾಕುತ್ತಾನೆ. ಆ ಕ್ಷಣದಲ್ಲಿ ಚೈನ್ ಹಲ್ಲು ಜಿಗಿದರೆ ಅಥವಾ ಕಳಚಿದರೆ ಪೆಡಲ್ ಒಮ್ಮೆಲೇ ಕೆಳಕ್ಕೆ ಕುಸಿದು, ಸವಾರ ಹಿಂದಿನಿಂದ ಬರುವ ವಾಹನಗಳ ಎದುರು ಆಯ ತಪ್ಪುವ ಅಪಾಯವಿದೆ. ಯಾವ ಸದ್ದು ನಿರುಪದ್ರವಿ, ಯಾವ ಸದ್ದು ಎಚ್ಚರಿಕೆ ಎಂಬುದನ್ನು ತಿಳಿಯುವುದು ಈ ಕಾರಣಕ್ಕೆ ಮುಖ್ಯ.

ಚೈನ್ ಕೆಲಸ ಮಾಡುವ ಬಗೆ

ಇಂದಿನ ಸೈಕಲ್ ಚೈನ್‌ಗೆ ಮೂಲವಾದ ರೋಲರ್ ಚೈನ್‌ನ ವಿನ್ಯಾಸಕ್ಕೆ 1880ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿದ್ದ, ಸ್ವಿಟ್ಜರ್ಲೆಂಡ್ ಮೂಲದ ಹ್ಯಾನ್ಸ್ ರೆನಾಲ್ಡ್. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ ಹಿಂದಿನ ಚಕ್ರಕ್ಕೆ ಚೈನ್ ಮೂಲಕ ಬಲ ಸಾಗಿಸುವ ವ್ಯವಸ್ಥೆಯನ್ನು ಜನಪ್ರಿಯಗೊಳಿಸಿತು. ಮೂಲ ತತ್ವ ಅಂದಿನಿಂದ ಬದಲಾಗಿಲ್ಲ.

ಚೈನ್‌ನ ಪ್ರತಿ ಕೊಂಡಿಯಲ್ಲಿ ಎರಡು ಬದಿಯ ತಗಡುಗಳು, ಅವನ್ನು ಜೋಡಿಸುವ ಪಿನ್ನು ಮತ್ತು ಪಿನ್ನಿನ ಸುತ್ತ ಉರುಳುವ ರೋಲರ್ ಇರುತ್ತವೆ. ಒಂದು ಪಿನ್ನಿನ ಮಧ್ಯದಿಂದ ಮುಂದಿನ ಪಿನ್ನಿನ ಮಧ್ಯಕ್ಕೆ ಇರುವ ಅಂತರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಸಾಮಾನ್ಯ ಸೈಕಲ್‌ಗಳಲ್ಲೆಲ್ಲ ಈ ಅಳತೆ ಒಂದೇ. ಪ್ರತಿ ರೋಲರ್ ಹಲ್ಲುಗಳ ನಡುವಿನ ತಗ್ಗಿನಲ್ಲಿ ನೇರವಾಗಿ ಇಳಿದು ಕೂತರೆ ಚೈನ್ ಮೆಲುವಾಗಿ ಓಡುತ್ತದೆ. ಓರೆಯಾಗಿ ಇಳಿದರೆ ತಗಡಿನ ಒಳಮೈ ಹಲ್ಲಿನ ಬದಿಗೆ ಉಜ್ಜುತ್ತದೆ. ತಡವಾಗಿ ಇಳಿದರೆ ಹಲ್ಲಿನ ತುದಿಗೆ ಬಡಿಯುತ್ತದೆ. ಈ ಉಜ್ಜುವಿಕೆ ಮತ್ತು ಬಡಿತಗಳೇ ಕಿವಿಗೆ ಸದ್ದಾಗಿ ಕೇಳುತ್ತವೆ.

ಗೇರ್ ವ್ಯವಸ್ಥೆ ಇದ್ದಾಗ ಈ ದೋಷಗಳು ಬಹುಮಟ್ಟಿಗೆ ಮರೆಯಾಗಿರುತ್ತವೆ. ಡಿರೇಲರ್‌ನ ಸ್ಪ್ರಿಂಗ್ ಚೈನನ್ನು ಸದಾ ಬಿಗಿಯಾಗಿ ಎಳೆದಿಡುತ್ತದೆ, ಅದರ ಪುಟ್ಟ ಗಾಲಿಗಳು ಕೆಳಗಿನ ಎಳೆಯನ್ನು ಹಿಂದಿನ ಹಲ್ಲುಚಕ್ರದ ನೇರಕ್ಕೆ ತಂದುಕೊಡುತ್ತವೆ. ಡಿರೇಲರ್ ಹೋದೊಡನೆ ಈ ಎರಡೂ ಕೆಲಸಗಳ ಹೊಣೆ ಚಕ್ರದ ಜೋಡಣೆಯ ಮೇಲೆ ಬೀಳುತ್ತದೆ. ಮೊದಲು ಸದ್ದಿಲ್ಲದಿದ್ದ ಚೈನ್ ಮಾರ್ಪಾಟಿನ ನಂತರ ಸದ್ದು ಮಾಡುವುದು ಇದರಿಂದಲೇ.

ಸದ್ದಿನ ಲಯ ಗುರುತಿಸುವುದು

ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಿವಿಯಿಂದಷ್ಟೇ ನಿರ್ಧರಿಸುವುದು ಕಷ್ಟ. ಲೋಹದ ಕೊಳವೆಗಳ ಫ್ರೇಮ್ ಸದ್ದನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುತ್ತದೆ. ಸೀಟಿನ ಕಂಬದ ಕಿರುಗುಟ್ಟುವಿಕೆ ಪೆಡಲ್‌ನಿಂದ ಬಂದಂತೆ ಕೇಳಬಹುದು. ಸದ್ದು ಎಷ್ಟು ಸುತ್ತಿಗೊಮ್ಮೆ ಬರುತ್ತದೆ ಎಂದು ಎಣಿಸುವುದು ಹೆಚ್ಚು ನಂಬಬಹುದಾದ ವಿಧಾನ.

ಉದಾಹರಣೆಗೆ, ಮುಂದೆ 34 ಹಲ್ಲು, ಹಿಂದೆ 16 ಹಲ್ಲು ಮತ್ತು 96 ಕೊಂಡಿಗಳ ಚೈನ್ ಇರುವ 26 ಇಂಚಿನ ಚಕ್ರದ ಸೈಕಲನ್ನು ತೆಗೆದುಕೊಳ್ಳಬಹುದು. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ 34ನ್ನು 16ರಿಂದ ಭಾಗಿಸಿದಷ್ಟು, ಅಂದರೆ ಎರಡು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಸೈಕಲ್ ಸುಮಾರು 4.4 ಮೀಟರ್ ಮುಂದೆ ಸಾಗುತ್ತದೆ. ಇಡೀ ಚೈನ್ ಒಂದು ಸುತ್ತು ಮುಗಿಸಲು ಪೆಡಲ್ 2.8 ಸುತ್ತು ತಿರುಗಬೇಕು. ಈ ಲೆಕ್ಕವನ್ನು ತಮ್ಮ ಸೈಕಲ್‌ನ ಹಲ್ಲು ಮತ್ತು ಕೊಂಡಿಗಳನ್ನು ಎಣಿಸಿ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಅದರಿಂದ ತಿಳಿಯುವ ಸಂಗತಿಗಳು ಹೀಗಿವೆ:

- ಪೆಡಲ್‌ನ ಪ್ರತಿ ಸುತ್ತಿಗೊಮ್ಮೆ ಸದ್ದು ಬಂದರೆ ಪೆಡಲ್, ಕ್ರ್ಯಾಂಕ್, ಮುಂದಿನ ಚೈನ್‌ವೀಲ್ ಅಥವಾ ಬಿ.ಬಿ. ಆಕ್ಸಲ್‌ನಲ್ಲಿ ದೋಷವಿರುತ್ತದೆ.
- ಪೆಡಲ್‌ನ ಒಂದು ಸುತ್ತಿಗೆ ಎರಡು ಬಾರಿ ಅಥವಾ ತುಸು ಹೆಚ್ಚು ಬಂದರೆ ಹಿಂದಿನ ಚಕ್ರ, ಕಡ್ಡಿ ಅಥವಾ ಫ್ರೀವೀಲ್ ಕಡೆ ನೋಡಬೇಕು.
- ಸುಮಾರು ಮೂರು ಸುತ್ತಿಗೊಮ್ಮೆ ಒಂದೇ ಒಂದು ಟಕ್ ಎಂಬ ಸದ್ದು ಬಂದರೆ ಚೈನ್‌ನ ಯಾವುದೋ ಒಂದು ಕೊಂಡಿ ಬಿಗಿದುಕೊಂಡಿದೆ ಎಂದರ್ಥ.
- ಎಡೆಬಿಡದೆ ಗರಗರ ಎನ್ನುತ್ತಿದ್ದರೆ ಚೈನ್‌ನ ನೇರ, ಅಗಲ ಅಥವಾ ಬಿಗಿ ತಪ್ಪಿರುವ ಸಾಧ್ಯತೆ ಹೆಚ್ಚು.
- ಭಾರ ಹಾಕಿದಾಗ ಮಾತ್ರ ಸದ್ದು ಬಂದರೆ ಸವೆತ ಅಥವಾ ಸಡಿಲವಾದ ಬೋಲ್ಟ್ ಕಾರಣವಾಗಿರಬಹುದು.
- ಪೆಡಲ್ ನಿಲ್ಲಿಸಿ ಸೈಕಲ್ ತಾನಾಗಿ ಉರುಳುವಾಗ ಬರುವ ಹದವಾದ ಟಿಕ್ ಟಿಕ್ ಸದ್ದು ಫ್ರೀವೀಲ್‌ನ ಸಹಜ ಸದ್ದು. ಅದಕ್ಕೆ ಯಾವ ಚಿಕಿತ್ಸೆಯೂ ಬೇಕಿಲ್ಲ.

ಚೈನ್‌ನ ನೇರ: ಮೊದಲ ತಪಾಸಣೆ

ಮುಂದಿನ ಚೈನ್‌ವೀಲ್ ಮತ್ತು ಹಿಂದಿನ ಹಲ್ಲುಚಕ್ರಗಳು ಸೈಕಲ್‌ನ ನಡುಗೆರೆಯಿಂದ ಒಂದೇ ದೂರದಲ್ಲಿರಬೇಕು. ಗೇರ್ ತೆಗೆದ ಸೈಕಲ್‌ಗಳಲ್ಲಿ ಅತಿ ಹೆಚ್ಚು ಸದ್ದಿಗೆ ಕಾರಣವಾಗುವುದು ಈ ನೇರ ತಪ್ಪುವುದೇ. ಇದನ್ನು ಸಾಮಾನ್ಯ ಸ್ಕೇಲ್‌ನಿಂದ ಅಳೆಯಬಹುದು. ವರ್ನಿಯರ್ ಕ್ಯಾಲಿಪರ್ ಇದ್ದರೆ ಇನ್ನೂ ಉತ್ತಮ.

ಮುಂದಿನ ಅಳತೆಗೆ ಸೀಟಿನ ಕೊಳವೆಯ ಹೊರಮೈಯಿಂದ ಚೈನ್‌ವೀಲ್‌ನ ಹಲ್ಲಿನ ಮಧ್ಯಕ್ಕೆ ಇರುವ ದೂರವನ್ನು ಅಳೆದು, ಅದಕ್ಕೆ ಕೊಳವೆಯ ವ್ಯಾಸದ ಅರ್ಧವನ್ನು ಕೂಡಿಸಬೇಕು. ಹಿಂದಿನ ಅಳತೆಗೆ, ಆಕ್ಸಲ್ ಕೂರುವ ಫ್ರೇಮಿನ ಎರಡು ಕಚ್ಚುಗಳ ಒಳಮೈಗಳ ನಡುವಣ ಅಂತರವನ್ನು ಅರ್ಧ ಮಾಡಿ, ಅದರಿಂದ ಬಲಗಡೆಯ ಕಚ್ಚಿನ ಒಳಮೈಯಿಂದ ಹಲ್ಲುಚಕ್ರದ ಮಧ್ಯಕ್ಕೆ ಇರುವ ದೂರವನ್ನು ಕಳೆಯಬೇಕು. ಮೌಂಟನ್ ಬೈಕ್ ಮಾದರಿಯ ಅನೇಕ ಸೈಕಲ್‌ಗಳಲ್ಲಿ ಕಚ್ಚುಗಳ ಅಂತರ 135 ಮಿ.ಮೀ., ರಸ್ತೆ ಸೈಕಲ್‌ಗಳಲ್ಲಿ 130 ಮಿ.ಮೀ. ಇರುತ್ತದೆ.

ಒಂದು ಲೆಕ್ಕ ನೋಡಬಹುದು. ಸೀಟಿನ ಕೊಳವೆಯ ವ್ಯಾಸ 28.6 ಮಿ.ಮೀ. ಇದ್ದು, ಅದರ ಹೊರಮೈಯಿಂದ ಮೂರು ಚೈನ್‌ವೀಲ್‌ಗಳ ಪೈಕಿ ನಡುವಿನದಕ್ಕೆ 33.7 ಮಿ.ಮೀ. ದೂರವಿದ್ದರೆ ಮುಂದಿನ ಅಳತೆ 48 ಮಿ.ಮೀ. ಆಗುತ್ತದೆ. ಕಚ್ಚುಗಳ ಅಂತರ 135 ಇದ್ದು, ಬಲಗಡೆಯ ಕಚ್ಚಿನಿಂದ ಹಲ್ಲುಚಕ್ರಕ್ಕೆ 31.5 ಮಿ.ಮೀ. ಇದ್ದರೆ ಹಿಂದಿನ ಅಳತೆ 67.5ರಿಂದ 31.5 ಕಳೆದಾಗ ಉಳಿಯುವ 36 ಮಿ.ಮೀ. ಎರಡರ ನಡುವಿನ ವ್ಯತ್ಯಾಸ 12 ಮಿ.ಮೀ. ಇಂಥ ಸೈಕಲ್‌ಗೆ ಎಷ್ಟು ಎಣ್ಣೆ ಬಿಟ್ಟರೂ ಸದ್ದು ನಿಲ್ಲುವುದಿಲ್ಲ. ಒಂದೆರಡು ಮಿ.ಮೀ. ವ್ಯತ್ಯಾಸವನ್ನು ಚೈನ್ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಐದು ಮಿ.ಮೀ. ಮೀರಿದರೆ ಸದ್ದಿನ ಜೊತೆಗೆ ಚೈನ್ ಕಳಚುವ ಭಯವೂ ಇರುತ್ತದೆ.

ಹಿಂದಿನ ಗೇರ್ ಗೊಂಚಲು ಎರಡು ಬಗೆಯದು. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಗೊಂಚಲು ಮತ್ತು ಫ್ರೀವೀಲ್ ಒಂದೇ ಘಟಕವಾಗಿದ್ದು, ಹಬ್‌ನ ಮೇಲಿನ ಎಳೆಗಳಿಗೆ ತಿರುಪಿ ಕೂರಿಸಿರುತ್ತಾರೆ. ಅದನ್ನು ತೆಗೆದು ಒಂಟಿ ಫ್ರೀವೀಲ್ ಹಾಕಿದಾಗ ಹಲ್ಲುಚಕ್ರ ಕಡ್ಡಿಗಳಿಗೆ ತೀರ ಹತ್ತಿರ ಸರಿಯುತ್ತದೆ. ಮೇಲಿನ ಲೆಕ್ಕದಲ್ಲಿ 12 ಮಿ.ಮೀ. ವ್ಯತ್ಯಾಸ ಬಂದಿರುವುದು ಹೀಗೆಯೇ. ಇದಕ್ಕೆ ಪರಿಹಾರವೆಂದರೆ ಆಕ್ಸಲ್‌ನ ಬಲಗಡೆಯ ಸ್ಪೇಸರ್‌ಗಳಲ್ಲಿ ಸುಮಾರು 10 ಮಿ.ಮೀ.ನಷ್ಟನ್ನು ಎಡಗಡೆಗೆ ಸಾಗಿಸುವುದು. ಆಗ ಹಬ್ ಬಲಕ್ಕೆ ಸರಿದು ಹಿಂದಿನ ಅಳತೆ 46 ಮಿ.ಮೀ. ಆಗುತ್ತದೆ. ಆದರೆ ಹಬ್ ಜೊತೆಗೆ ರಿಮ್ಮೂ ಬಲಕ್ಕೆ ಸರಿಯುವುದರಿಂದ ಕಡ್ಡಿಗಳನ್ನು ಬಿಗಿ-ಸಡಿಲ ಮಾಡಿ ರಿಮ್ಮನ್ನು ಮತ್ತೆ ಫ್ರೇಮಿನ ನಡುವಿಗೆ ತರಬೇಕು. ಅನುಭವವಿಲ್ಲದವರು ಈ ಕೆಲಸವನ್ನು ಸೈಕಲ್ ಶಾಪ್‌ಗೆ ಒಪ್ಪಿಸುವುದು ಲೇಸು.

ಎರಡನೆಯ ಬಗೆಯಲ್ಲಿ ಹಲ್ಲುಚಕ್ರಗಳು ಹಬ್‌ನ ಗಾಡಿಗಳುಳ್ಳ ಭಾಗದ ಮೇಲೆ ಜಾರಿ ಕೂರುತ್ತವೆ. ಇದಕ್ಕೆ ಕ್ಯಾಸೆಟ್ ಎಂದು ಹೆಸರು. ಇಲ್ಲಿ ಒಂದು ಹಲ್ಲುಚಕ್ರ ಉಳಿಸಿಕೊಂಡು ಅದರ ಎರಡೂ ಬದಿಗೆ ಸ್ಪೇಸರ್‌ಗಳನ್ನು ತುಂಬಲಾಗುತ್ತದೆ. ಸ್ಪೇಸರ್‌ಗಳನ್ನು ಅತ್ತಿತ್ತ ಮಾಡಿ ನೇರ ಹೊಂದಿಸುವುದು ಬಲು ಸುಲಭ. ಆದರೆ ಸ್ಪೇಸರ್‌ಗಳ ಒಟ್ಟು ಎತ್ತರ ಸಾಲದಿದ್ದರೆ ಲಾಕ್‌ರಿಂಗ್ ಎಷ್ಟು ತಿರುಗಿಸಿದರೂ ಗೊಂಚಲು ಬಿಗಿಯಾಗದೆ, ಭಾರ ಬಿದ್ದಾಗಲೆಲ್ಲ ಹಲ್ಲುಚಕ್ರ ಅಲುಗಿ ಕಟಕ್ ಎನ್ನುತ್ತದೆ. ತೆಳುವಾದ ಇನ್ನೊಂದು ಸ್ಪೇಸರ್ ಸೇರಿಸಿದರೆ ಸರಿಹೋಗುತ್ತದೆ.

ಮುಂದಿನ ಚೈನ್‌ವೀಲ್‌ನ ತೊಡಕುಗಳು

ಅಗ್ಗದ ಗೇರ್ ಸೈಕಲ್‌ಗಳಲ್ಲಿ ಮೂರೂ ಚೈನ್‌ವೀಲ್‌ಗಳನ್ನು ರಿವೆಟ್ ಹೊಡೆದು ಒಂದಾಗಿಸಿರುತ್ತಾರೆ. ಬೇಡದವನ್ನು ಬಿಚ್ಚುವಂತಿಲ್ಲ. ನಡುವಿನದರ ಮೇಲೆ ಚೈನ್ ಓಡಿಸಿದಾಗ, ಹಿಂದಿನ ಹಲ್ಲುಚಕ್ರ ಹೊರಗಿದ್ದರೆ ಚೈನ್ ಪಕ್ಕದ ದೊಡ್ಡ ಚೈನ್‌ವೀಲ್‌ನ ಒಳಮೈಗೆ ಉಜ್ಜುತ್ತದೆ. ಒಳಗಿದ್ದರೆ ಸಣ್ಣದರ ಮೇಲೆ ಬೀಳಲು ನೋಡುತ್ತದೆ. ಉಜ್ಜಿದ ಜಾಗದಲ್ಲಿ ಹೊಳೆಯುವ ಗೀರು ಮೂಡಿರುವುದರಿಂದ ಇದನ್ನು ಕಣ್ಣಿನಿಂದಲೇ ಪತ್ತೆ ಮಾಡಬಹುದು.

ಬೋಲ್ಟ್‌ಗಳಿಂದ ಜೋಡಿಸಿದ ಚೈನ್‌ವೀಲ್‌ಗಳಲ್ಲಿ ಬೇರೊಂದು ಸಮಸ್ಯೆ ಎದುರಾಗುತ್ತದೆ. ಎರಡು ಚೈನ್‌ವೀಲ್‌ಗಳನ್ನು ಹಿಡಿಯಲೆಂದು ಮಾಡಿದ ಬೋಲ್ಟ್‌ಗಳು ಒಂದಕ್ಕೆ ಉದ್ದವಾಗುತ್ತವೆ. ಬೋಲ್ಟ್ ಪೂರ್ತಿ ತಿರುಗಿ ಬಿಗಿಯಾದಂತೆ ಕೈಗೆ ಅನ್ನಿಸಿದರೂ ಚೈನ್‌ವೀಲ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಪೆಡಲ್ ತುಳಿದಾಗಲೆಲ್ಲ ಕಿರ್ರ್ ಎಂಬ ಸದ್ದು ಬರುತ್ತದೆ. ಒಂದೇ ಚೈನ್‌ವೀಲ್‌ಗೆಂದು ಸಿಗುವ ಗಿಡ್ಡ ಬೋಲ್ಟ್‌ಗಳನ್ನು ಹಾಕುವುದು ಅಥವಾ ವಾಷರ್ ಕೊಡುವುದು ಇದಕ್ಕೆ ಪರಿಹಾರ.

ಗೇರ್ ಬದಲಿಸಲೆಂದೇ ರೂಪಿಸಿದ ಹಲ್ಲುಚಕ್ರಗಳಲ್ಲಿ ಕೆಲವು ಹಲ್ಲುಗಳು ಗಿಡ್ಡವಾಗಿ ಅಥವಾ ಓರೆಯಾಗಿ ಇರುತ್ತವೆ. ಬದಿಯಲ್ಲಿ ಇಳಿಜಾರು ಕಚ್ಚುಗಳೂ ಇರುತ್ತವೆ. ಇದು ತಯಾರಿಕೆಯ ದೋಷವಲ್ಲ. ಚೈನ್ ಸುಲಭವಾಗಿ ಪಕ್ಕಕ್ಕೆ ದಾಟಲೆಂದು ಮಾಡಿದ ಏರ್ಪಾಟು. ಒಂದೇ ಗೇರಿನ ಸೈಕಲ್‌ಗೆ ಈ ಗುಣವೇ ಅವಗುಣ. ಚೈನ್ ತುಸು ಸಡಿಲವಾದರೂ ಅದೇ ಜಾಗದಲ್ಲಿ ಟಕ್ ಎಂದು ಏರಿ ಇಳಿಯುತ್ತದೆ, ಕೆಲವೊಮ್ಮೆ ಕಳಚುತ್ತದೆ. ಒಂಟಿ ಗೇರಿಗೆಂದೇ ತಯಾರಾದ, ಎಲ್ಲ ಹಲ್ಲುಗಳೂ ಒಂದೇ ಎತ್ತರವಿರುವ ಹಲ್ಲುಚಕ್ರವನ್ನು ಬಳಸಿದರೆ ಸದ್ದೂ ಅಪಾಯವೂ ಕಡಿಮೆಯಾಗುತ್ತವೆ.

ಚೈನ್‌ನ ಅಗಲ

ಚೈನ್ ಕೊಳ್ಳುವಾಗ ಹಲವರು ಉದ್ದವನ್ನಷ್ಟೇ ಕೇಳುತ್ತಾರೆ. ಅಗಲವೂ ಅಷ್ಟೇ ಮುಖ್ಯ. ನಮ್ಮ ಸಾಂಪ್ರದಾಯಿಕ ಗೇರ್‌ರಹಿತ ಸೈಕಲ್‌ಗಳ ಚೈನ್‌ನ ಒಳ ಅಗಲ ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3.2 ಮಿ.ಮೀ. ಹಿಂದೆ ಐದರಿಂದ ಎಂಟು ಹಲ್ಲುಚಕ್ರಗಳಿರುವ ಗೇರ್ ಸೈಕಲ್‌ಗಳ ಚೈನ್‌ನ ಒಳ ಅಗಲ ಇಂಚಿನ 32ರಲ್ಲಿ 3 ಭಾಗ, ಅಂದರೆ ಸುಮಾರು 2.4 ಮಿ.ಮೀ.

ಅಗಲವಾದ ಚೈನನ್ನು ತೆಳುವಾದ ಹಲ್ಲುಗಳ ಮೇಲೆ ಓಡಿಸಬಹುದು. ತುಸು ಲೊಟಲೊಟ ಸದ್ದು ಬಂದರೂ ಕೆಲಸ ನಡೆಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಸಾಧಾರಣ ಸೈಕಲ್‌ನ ದಪ್ಪ ಹಲ್ಲಿನ ಒಂಟಿ ಫ್ರೀವೀಲ್ ಹಾಕಿ ಅದರ ಮೇಲೆ ಗೇರ್ ಸೈಕಲ್‌ನ ಹಳೆಯ ತೆಳು ಚೈನನ್ನೇ ಉಳಿಸಿಕೊಂಡರೆ ಚೈನ್ ಹಲ್ಲಿನ ತಗ್ಗಿಗೆ ಇಳಿಯುವುದೇ ಇಲ್ಲ. ಹಲ್ಲಿನ ತುದಿಯ ಮೇಲೇ ಸವಾರಿ ಮಾಡುತ್ತ ಒರಟಾಗಿ ಗರಗರ ಎನ್ನುತ್ತದೆ. ಮನೆಯ ಮಾರ್ಪಾಟುಗಳಲ್ಲಿ ಇದು ಸಾಮಾನ್ಯವಾಗಿ ಆಗುವ ತಪ್ಪು. ಇಂಥ ಸೈಕಲನ್ನು ರಸ್ತೆಗೆ ಇಳಿಸಬಾರದು.

ಬಿಗಿ ಎಷ್ಟಿರಬೇಕು?

ಕೆಳಗಿನ ಎಳೆಯ ಮಧ್ಯಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಒಟ್ಟು 10ರಿಂದ 15 ಮಿ.ಮೀ.ನಷ್ಟು ಚಲನೆ ಇರಬೇಕು. ಇದಕ್ಕಿಂತ ಸಡಿಲವಾದರೆ ಹಳ್ಳ-ಹಂಪುಗಳಲ್ಲಿ ಚೈನ್ ಫ್ರೇಮಿನ ಕೊಳವೆಗೆ ಬಡಿಯುತ್ತದೆ. ಚಲನೆಯೇ ಇಲ್ಲದಷ್ಟು ಬಿಗಿಯಾದರೆ ಪೆಡಲ್ ಭಾರವಾಗಿ, ಗುರ್ರ್ ಎಂಬ ಸದ್ದು ಬಂದು, ಬಿ.ಬಿ. ಮತ್ತು ಹಬ್‌ನ ಬೇರಿಂಗ್‌ಗಳು ಬೇಗ ಸವೆಯುತ್ತವೆ. ಸದ್ದು ಹೋಗಲೆಂದು ಚೈನನ್ನು ಇನ್ನಷ್ಟು ಬಿಗಿಗೊಳಿಸುವವರಿದ್ದಾರೆ. ಅದು ತಪ್ಪು.

ಚೈನ್‌ವೀಲ್‌ಗಳು ನೂರಕ್ಕೆ ನೂರು ದುಂಡಗೆ ಇರುವುದು ಅಪರೂಪ. ಆದ್ದರಿಂದ ಪೆಡಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತ, ಚೈನ್ ಅತಿ ಬಿಗಿಯಾಗುವ ಜಾಗವನ್ನು ಗುರುತಿಸಿ, ಆ ಸ್ಥಿತಿಯಲ್ಲೇ ಮೇಲಿನ ಅಳತೆಯನ್ನು ಹೊಂದಿಸಬೇಕು. ಸಡಿಲವಾದ ಜಾಗದಲ್ಲಿ ಹೊಂದಿಸಿದರೆ ಬಿಗಿಯಾದ ಜಾಗಕ್ಕೆ ಬಂದಾಗ ಪ್ರತಿ ಸುತ್ತಿಗೊಮ್ಮೆ ನರಳುವ ಸದ್ದು ಬರುತ್ತದೆ. ಈ ತಪಾಸಣೆಯಲ್ಲಿ ಬೆರಳನ್ನು ಚೈನ್ ಮತ್ತು ಹಲ್ಲುಚಕ್ರ ಸಂಧಿಸುವ ಜಾಗದಿಂದ ದೂರ ಇಟ್ಟುಕೊಳ್ಳಬೇಕು. ಪೆಡಲ್ ನಿಂತ ಮೇಲಷ್ಟೇ ಚೈನ್ ಮುಟ್ಟಬೇಕು. ಮಕ್ಕಳು ಹತ್ತಿರ ಇರದಂತೆ ನೋಡಿಕೊಳ್ಳುವುದು ಅಗತ್ಯ.

ಹಿಂದಿನ ಕಚ್ಚು ಅಡ್ಡಲಾಗಿದ್ದರೆ ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿ ಹೊಂದಿಸಬಹುದು. ಗೇರ್ ಸೈಕಲ್‌ಗಳಲ್ಲಿ ಕಚ್ಚು ಬಹುತೇಕ ಲಂಬವಾಗಿರುವುದರಿಂದ ಚಕ್ರ ಹಿಂದೆ ಮುಂದೆ ಸರಿಯುವುದಿಲ್ಲ. ಇಂಥಲ್ಲಿ ಸ್ಪ್ರಿಂಗ್ ಉಳ್ಳ ಟೆನ್ಷನರ್ ಬೇಕಾಗುತ್ತದೆ. ಹಳೆಯ ಡಿರೇಲರನ್ನೇ ಕೇಬಲ್ ತೆಗೆದು ಟೆನ್ಷನರ್ ಆಗಿ ಬಳಸಿಕೊಳ್ಳುವುದುಂಟು. ಆಗ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ಕೇಬಲ್ ಇಲ್ಲದ ಡಿರೇಲರ್ ಸಾಮಾನ್ಯವಾಗಿ ಪೂರ್ತಿ ಹೊರಗೆ ಸರಿದು ನಿಲ್ಲುತ್ತದೆ. ಅದರ ಮಿತಿ ತಿರುಪನ್ನು ತಿರುಗಿಸಿ ಮೇಲಿನ ಪುಟ್ಟ ಗಾಲಿಯನ್ನು ಹಲ್ಲುಚಕ್ರದ ನೇರ ಕೆಳಕ್ಕೆ ತರಬೇಕು. ತಿರುಪು ಅಷ್ಟು ದೂರ ಎಟುಕದಿದ್ದರೆ ಕೇಬಲ್‌ನ ಗಿಡ್ಡ ತುಂಡನ್ನು ಸಿಕ್ಕಿಸಿ ಡಿರೇಲರನ್ನು ಆ ಜಾಗದಲ್ಲಿ ನಿಲ್ಲಿಸಬಹುದು. ಎರಡು, ಡಿರೇಲರ್‌ನ ಎರಡು ಗಾಲಿಗಳ ನಡುವೆ ಇರುವ ಪುಟ್ಟ ತಗಡಿನ ನಾಲಿಗೆಯ ಸರಿಯಾದ ಬದಿಯಿಂದ ಚೈನ್ ಹಾಯಬೇಕು. ತಪ್ಪು ಬದಿಯಿಂದ ಹಾಯಿಸಿದರೆ ಚೈನ್ ಸತತವಾಗಿ ಲೋಹಕ್ಕೆ ಉಜ್ಜಿ ಕರ್ಕಶ ಸದ್ದು ಮಾಡುತ್ತದೆ. ಚೈನ್ ಬಿಚ್ಚಿ ಮತ್ತೆ ಹಾಕಿದ ಕೂಡಲೇ ಸದ್ದು ಶುರುವಾಗಿದ್ದರೆ ಮೊದಲು ಇದನ್ನೇ ನೋಡಬೇಕು.

ಬಿಗಿದ ಕೊಂಡಿ ಮತ್ತು ಜೋಡಣೆಯ ಕೊಂಡಿ

ಮಾರ್ಪಾಟಿನಲ್ಲಿ ಚೈನ್ ಗಿಡ್ಡ ಮಾಡುವುದು ಅನಿವಾರ್ಯ. ಪಿನ್ನನ್ನು ಮತ್ತೆ ಒತ್ತಿ ಕೂರಿಸಿದಾಗ ಆ ಕೊಂಡಿಯ ತಗಡುಗಳು ಒಂದಕ್ಕೊಂದು ಅಂಟಿಕೊಂಡು ಬಾಗಲು ನಿರಾಕರಿಸುತ್ತವೆ. ಪೆಡಲನ್ನು ಕೈಯಿಂದ ಹಿಂದಕ್ಕೆ ನಿಧಾನವಾಗಿ ತಿರುಗಿಸಿದರೆ ಬಿಗಿದ ಕೊಂಡಿ ಹಿಂದಿನ ಹಲ್ಲುಚಕ್ರದಿಂದ ಹೊರಬರುವಾಗ ಸೊಟ್ಟಗೆ ಎದ್ದು ನಿಲ್ಲುವುದು ಕಾಣುತ್ತದೆ. ಆ ಕೊಂಡಿಯ ಎರಡೂ ಬದಿಯನ್ನು ಹಿಡಿದು ಪಕ್ಕಕ್ಕೆ ಮೆಲ್ಲಗೆ ಬಾಗಿಸಿದರೆ ಅದು ಸಡಿಲಗೊಳ್ಳುತ್ತದೆ.

ಸಾಧಾರಣ ಸೈಕಲ್‌ಗಳ ಚೈನ್‌ನಲ್ಲಿ ಕ್ಲಿಪ್ ಇರುವ ಜೋಡಣೆಯ ಕೊಂಡಿ ಇರುತ್ತದೆ. ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗೆ ಮುಖ ಮಾಡಿರಬೇಕು. ತಿರುಗು ಮುರುಗಾದರೆ ಕ್ಲಿಪ್ ಯಾವುದಕ್ಕಾದರೂ ತಗುಲಿ ಹಾರಿಹೋಗಬಹುದು, ಚೈನ್ ನಡುರಸ್ತೆಯಲ್ಲಿ ಬಿಚ್ಚಿಕೊಳ್ಳಬಹುದು.

ಸವೆತದ ಅಳತೆ

ಚೈನ್ ಉದ್ದವಾಗಿದೆ ಎಂದು ಹೇಳುವುದು ರೂಢಿ. ವಾಸ್ತವವಾಗಿ ಲೋಹ ಹಿಗ್ಗುವುದಿಲ್ಲ. ಪಿನ್ನುಗಳೂ ಅವು ತಿರುಗುವ ರಂಧ್ರಗಳೂ ಸವೆದು ಪ್ರತಿ ಕೊಂಡಿಯಲ್ಲಿ ಕೂದಲೆಳೆಯಷ್ಟು ಸಡಿಲ ಸೇರುತ್ತದೆ. ಹೊಸ ಚೈನ್‌ನಲ್ಲಿ 24 ಕೊಂಡಿಗಳ ಉದ್ದ ಪಿನ್ನಿನ ಮಧ್ಯದಿಂದ ಪಿನ್ನಿನ ಮಧ್ಯಕ್ಕೆ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಚೈನನ್ನು ಎಳೆದು ಹಿಡಿದು ಸ್ಟೀಲ್ ಸ್ಕೇಲ್‌ನಿಂದ ಅಳೆದಾಗ ಇದು ಸುಮಾರು 306.4 ಮಿ.ಮೀ. ಆಗಿದ್ದರೆ ಸವೆತ ಶೇ. 0.5ರಷ್ಟಾಗಿದ್ದು, ಚೈನ್ ಬದಲಿಸುವ ಕಾಲ ಬಂದಿದೆ. 308 ಮಿ.ಮೀ. ತಲುಪಿದ್ದರೆ ಸವೆತ ಶೇ. 1, ಆಗ ಆ ಚೈನ್ ಜೊತೆ ಓಡಿದ ಹಲ್ಲುಚಕ್ರವೂ ಸವೆದಿರುವ ಸಾಧ್ಯತೆ ಹೆಚ್ಚು.

ಸವೆದ ಚೈನ್ ಮತ್ತು ಸವೆದ ಹಲ್ಲು ಒಂದಕ್ಕೊಂದು ಹೊಂದಿಕೊಂಡು ಬಹುಕಾಲ ಸದ್ದಿಲ್ಲದೆ ಓಡುತ್ತವೆ. ಒಂದು ಹೊಸದಾಗಿ ಇನ್ನೊಂದು ಹಳೆಯದಾಗಿ ಉಳಿದಾಗ ತೊಂದರೆ ಆರಂಭವಾಗುತ್ತದೆ. ಹೊಸ ಫ್ರೀವೀಲ್ ಮೇಲೆ ಹಳೆಯ ಚೈನ್ ಹಾಕಿದರೆ ರೋಲರ್‌ಗಳು ಹಲ್ಲಿನ ತಗ್ಗಿನಲ್ಲಿ ಕೂರದೆ ಗರಗುಟ್ಟುತ್ತವೆ, ಹೊಸ ಹಲ್ಲುಗಳನ್ನೂ ಬೇಗ ತಿನ್ನುತ್ತವೆ. ಹಳೆಯ ಹಲ್ಲುಚಕ್ರದ ಮೇಲೆ ಹೊಸ ಚೈನ್ ಹಾಕಿದರೆ ಭಾರ ಬಿದ್ದಾಗ ಚೈನ್ ಹಲ್ಲು ಜಿಗಿಯುತ್ತದೆ. ಮೀನಿನ ರೆಕ್ಕೆಯಂತೆ ಒಂದೇ ಕಡೆಗೆ ವಾಲಿದ ಚೂಪು ಹಲ್ಲುಗಳು ಸವೆತದ ಸ್ಪಷ್ಟ ಗುರುತು.

ಕ್ರ್ಯಾಂಕ್, ಪೆಡಲ್ ಮತ್ತು ಬಿ.ಬಿ.

ಪ್ರತಿ ಸುತ್ತಿಗೊಮ್ಮೆ ಬರುವ ಸದ್ದು ಎಡಗಾಲಿನಿಂದಷ್ಟೇ, ನಂತರ ಬಲಗಾಲಿನಿಂದಷ್ಟೇ ತುಳಿದು ನೋಡಿದರೆ ಬೇರ್ಪಡುತ್ತದೆ. ಒಂದು ಕಾಲಿಗೆ ಮಾತ್ರ ಬಂದರೆ ಆ ಬದಿಯ ಪೆಡಲ್ ಅಥವಾ ಕ್ರ್ಯಾಂಕ್ ಕಡೆ ಅನುಮಾನ ಹೋಗಬೇಕು. ಸೀಟಿನಿಂದ ಎದ್ದು ತುಳಿದಾಗ ಸದ್ದು ಮಾಯವಾದರೆ ದೋಷ ಸೀಟಿನಲ್ಲಿದೆ, ಚೈನ್‌ನಲ್ಲಿಲ್ಲ.

ಹಳೆಯ ಮಾದರಿಯ ಸೈಕಲ್‌ಗಳಲ್ಲಿ ಕ್ರ್ಯಾಂಕನ್ನು ಆಕ್ಸಲ್‌ಗೆ ಹಿಡಿದಿಡುವುದು ಕಾಟರ್ ಪಿನ್. ಅದು ಸಡಿಲವಾದರೆ ಪ್ರತಿ ಸುತ್ತಿಗೂ ಕಟಕ್ ಎಂಬ ಸದ್ದು ಬಂದು, ಕಾಲಿಗೂ ಅದರ ಅರಿವಾಗುತ್ತದೆ. ಪಿನ್ ಬದಲಿಸದೆ ಬರೀ ನಟ್ಟು ಬಿಗಿದರೆ ಎಳೆ ಕಿತ್ತುಹೋಗುತ್ತದೆ. ಪೆಡಲ್ ಬಿಚ್ಚುವವರು ಎಡ ಪೆಡಲ್‌ನ ಎಳೆ ವಿರುದ್ಧ ದಿಕ್ಕಿನದು ಎಂಬುದನ್ನು ನೆನಪಿಡಬೇಕು. ಪೆಡಲ್ ಎಳೆಗಳಿಗೆ ತುಸು ಗ್ರೀಸ್ ಹಚ್ಚಿ ಮತ್ತೆ ಬಿಗಿದರೆ ಎಷ್ಟೋ ಕಿರುಗುಟ್ಟುವಿಕೆಗಳು ಅಲ್ಲಿಗೇ ನಿಲ್ಲುತ್ತವೆ. ಕ್ರ್ಯಾಂಕ್ ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಎರಡೂ ಕ್ರ್ಯಾಂಕ್‌ಗಳು ಒಟ್ಟಿಗೆ ಅಲುಗಿದರೆ ಬಿ.ಬಿ. ಬೇರಿಂಗ್ ಸಡಿಲವಾಗಿದೆ, ಒಂದೇ ಅಲುಗಿದರೆ ಆ ಕ್ರ್ಯಾಂಕ್‌ನ ಜೋಡಣೆ ಸಡಿಲವಾಗಿದೆ.

ಎಣ್ಣೆ ಕೊನೆಯ ಹಂತ

ಎಣ್ಣೆ ಇಲ್ಲದ ಚೈನ್ ಹಕ್ಕಿಮರಿಗಳಂತೆ ಕೀಚು ಕೀಚು ಎನ್ನುತ್ತದೆ. ಈ ಸದ್ದಿಗೆ ಮಾತ್ರ ಎಣ್ಣೆ ಮದ್ದು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಬೇಗ ತೊಳೆದುಹೋಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಹೆಚ್ಚಾದ ಎಣ್ಣೆಗೆ ಧೂಳು ಮೆತ್ತಿಕೊಂಡು ಮರಳು ಕಾಗದದಂತೆ ಲೋಹವನ್ನು ತಿನ್ನುತ್ತದೆ. ಮೊದಲು ಚೈನನ್ನು ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ನಂತರ ಪ್ರತಿ ರೋಲರ್‌ಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಪೆಡಲನ್ನು ಕೆಲವು ಸುತ್ತು ತಿರುಗಿಸಿ, ಹೊರಮೈಯಲ್ಲಿ ಉಳಿದದ್ದನ್ನು ಪೂರ್ತಿ ಒರೆಸಿಬಿಡಬೇಕು. ಎಣ್ಣೆ ಬೇಕಾದದ್ದು ಒಳಗಿನ ಪಿನ್ನಿಗೆ. ಅಡುಗೆ ಎಣ್ಣೆ ಕ್ರಮೇಣ ಜಿಗಟಾಗುವುದರಿಂದ ಅದನ್ನು ಬಳಸಬಾರದು. ರಿಮ್ಮಿಗಾಗಲಿ ಬ್ರೇಕ್ ರಬ್ಬರಿಗಾಗಲಿ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ತಪಾಸಣೆಯ ಕ್ರಮ

1. ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ ಪೆಡಲ್ ತಿರುಗಿಸಬೇಕು. ಭಾರವಿಲ್ಲದೆಯೂ ಸದ್ದು ಬರುತ್ತದೆಯೇ ನೋಡಬೇಕು.
2. ಸದ್ದು ಎಷ್ಟು ಸುತ್ತಿಗೊಮ್ಮೆ ಬರುತ್ತದೆ ಎಂದು ಎಣಿಸಬೇಕು.
3. ಚೈನ್ ಎಲ್ಲಾದರೂ ಉಜ್ಜುತ್ತಿದೆಯೇ ಎಂದು ಹೊಳೆಯುವ ಗೀರುಗಳನ್ನು ಹುಡುಕಬೇಕು.
4. ಮುಂದಿನ ಮತ್ತು ಹಿಂದಿನ ಅಳತೆ ತೆಗೆದು ಚೈನ್‌ನ ನೇರ ಪರೀಕ್ಷಿಸಬೇಕು.
5. ಚೈನ್‌ನ ಅಗಲ ಹಲ್ಲಿಗೆ ಹೊಂದುತ್ತದೆಯೇ, ಬಿಗಿ ಸರಿಯಾಗಿದೆಯೇ ನೋಡಬೇಕು.
6. 24 ಕೊಂಡಿಗಳ ಉದ್ದ ಅಳೆದು ಸವೆತ ತಿಳಿಯಬೇಕು.
7. ಚೈನ್‌ವೀಲ್ ಬೋಲ್ಟ್, ಕ್ರ್ಯಾಂಕ್, ಪೆಡಲ್ ಬಿಗಿ ಪರೀಕ್ಷಿಸಬೇಕು.
8. ಕೊನೆಗೆ ಶುಚಿಗೊಳಿಸಿ ಎಣ್ಣೆ ಬಿಡಬೇಕು.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡುವುದು ಈ ಕ್ರಮದ ಜೀವಾಳ. ಒಟ್ಟಿಗೆ ಮೂರು ಭಾಗ ಬದಲಿಸಿದರೆ ಸದ್ದು ನಿಂತರೂ ಕಾರಣ ತಿಳಿಯುವುದಿಲ್ಲ, ಮತ್ತೆ ಬಂದಾಗ ಪುನಃ ಮೊದಲಿನಿಂದ ಹುಡುಕಬೇಕಾಗುತ್ತದೆ.

ಸವಾರಿ ನಿಲ್ಲಿಸಬೇಕಾದ ಲಕ್ಷಣಗಳು

ಭಾರ ಹಾಕಿದಾಗ ಚೈನ್ ಹಲ್ಲು ಜಿಗಿಯುವುದು, ಪೆಡಲ್ ತುಳಿದರೂ ಫ್ರೀವೀಲ್ ಹಿಡಿಯದೆ ಕ್ಷಣಕಾಲ ಜಾರುವುದು, ಚೈನ್ ಒಂದಕ್ಕಿಂತ ಹೆಚ್ಚು ಬಾರಿ ಕಳಚುವುದು, ಚೈನ್‌ನ ತಗಡಿನಲ್ಲಿ ಬಿರುಕು ಕಾಣುವುದು, ಕ್ರ್ಯಾಂಕ್ ಆಕ್ಸಲ್ ಮೇಲೆ ಅಲುಗುವುದು - ಇವುಗಳಲ್ಲಿ ಯಾವುದು ಕಂಡರೂ ದುರಸ್ತಿಯಾಗುವವರೆಗೆ ಸೈಕಲ್ ಏರಬಾರದು.

ಫ್ರೀವೀಲ್ ಬದಲು, ಪೆಡಲ್ ಸದಾ ಚಕ್ರದೊಡನೆ ತಿರುಗುವ ಸ್ಥಿರ ಹಲ್ಲುಚಕ್ರ ಹಾಕುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಅದಕ್ಕೆಂದೇ ಮಾಡಿದ ಹಬ್‌ನಲ್ಲಿ ಹಲ್ಲುಚಕ್ರದ ಹೊರಗೆ ವಿರುದ್ಧ ಎಳೆಯ ಲಾಕ್‌ರಿಂಗ್ ಇರುತ್ತದೆ. ಸಾಮಾನ್ಯ ಹಬ್‌ನಲ್ಲಿ ಅದಿಲ್ಲ. ಪೆಡಲ್‌ನಿಂದ ವೇಗ ತಗ್ಗಿಸಲು ಹೋದಾಗ ಹಲ್ಲುಚಕ್ರವೇ ಬಿಚ್ಚಿಕೊಳ್ಳಬಹುದು. ಯಾವ ಬಗೆಯ ಮಾರ್ಪಾಟಾದರೂ ಮುಂದಿನ ಮತ್ತು ಹಿಂದಿನ ಎರಡೂ ಬ್ರೇಕುಗಳನ್ನು ಉಳಿಸಿಕೊಳ್ಳಬೇಕು.

ಸೈಕಲ್ ಶಾಪ್‌ಗೆ ಹೋಗುವವರು ಸದ್ದು ಬರುತ್ತಿದೆ ಎಂದಷ್ಟೇ ಹೇಳುವ ಬದಲು, ಅದು ಎಷ್ಟು ಸುತ್ತಿಗೊಮ್ಮೆ ಬರುತ್ತದೆ, ಮುಂದಿನ ಮತ್ತು ಹಿಂದಿನ ಅಳತೆಗಳ ನಡುವೆ ಎಷ್ಟು ವ್ಯತ್ಯಾಸವಿದೆ, 24 ಕೊಂಡಿಗಳ ಉದ್ದ ಎಷ್ಟು ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಕೊಂಡೊಯ್ದರೆ ಮೆಕ್ಯಾನಿಕ್‌ನ ಕೆಲಸ ಹಗುರವಾಗುತ್ತದೆ, ಬೇಡದ ಭಾಗ ಕೊಳ್ಳುವ ಖರ್ಚೂ ತಪ್ಪುತ್ತದೆ.